ಬ್ರೆಜಿಲ್ ನಿಮಗೆ ಎಂತ ಆಗ್ಬೇಕು?

ಪ್ರಶ್ನೆ: ಸರ್, ನನಗೆ 33 ವರ್ಷ. ಊರು ಉಳ್ಳಾಲ, ಕೆಲಸ ಮಂಗಳೂರಿನಲ್ಲಿ. 2002ರಲ್ಲಿ ಶಾಲೆಗೆ ಹೋಗುವಾಗ ಹಿಡಿದ ಬ್ರೆಜಿಲ್ ಫುಟ್‌ಬಾಲ್ ತಂಡದ ಹುಚ್ಚು ಇನ್ನೂ ಬಿಟ್ಟಿಲ್ಲ. 2005ರಲ್ಲಿ ಗಲ್ಫಿನಿಂದ ರಜೆಗೆ ಬಂದಿದ್ದ ಮಾಮನ ಜೊತೆ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿದೆ. ಅಲ್ಲಿಂದ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ಕೂಡ ಸೇರಿಕೊಂಡಿತು. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲನ್ನು ಜರ್ಮನಿ 7-1ರಿಂದ ಹೊಡೆದ ರಾತ್ರಿ ಅತ್ತಿದ್ದೇನೆ. 'ಬ್ರೆಜಿಲ್ ನಿಮಗೆ ಎಂತ ಆಗ್ಬೇಕು?' ಅಂತ ಹೆಂಡತಿ ಕೇಳುತ್ತಾಳೆ, ನನ್ನ ಹತ್ತಿರ ಉತ್ತರ ಇಲ್ಲ. ಸದ್ಯದಲ್ಲೇ ಸೌದಿಯ ದಮ್ಮಾಮಿಗೆ ಕೆಲಸಕ್ಕೆ ಹೊರಟಿದ್ದೇನೆ. ಹೆಂಡತಿ, ಮಗ ಊರಿನಲ್ಲೇ ಇರುತ್ತಾರೆ. ಮಗನಿಗೆ 7 ವರ್ಷ. ಈ ಹುಚ್ಚು ಹೇಗೆ ಹಿಡಿಯುತ್ತದೆ? ವಯಸ್ಸಾದಂತೆ ಬಿಡುತ್ತದಾ? ಮಗನಿಗೂ ಹಿಡಿಸಬೇಕಾ, ಸುಮ್ನೆ ಬಿಡಬೇಕಾ?

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಉಂಟು. ಇಸವಿ ಬರೆದಿದ್ದೀರಿ, ಶಾಲೆ ಬರೆದಿದ್ದೀರಿ, ಮಾಮನನ್ನು ಬರೆದಿದ್ದೀರಿ. ಆಟಗಾರನ ಹೆಸರು ಒಂದೂ ಬರೆದಿಲ್ಲ. ಬ್ರೆಜಿಲ್‌ನ ರೊನಾಲ್ಡೋ ಇಲ್ಲ, ರೊನಾಲ್ಡಿನ್ಹೋ ಇಲ್ಲ, ಲಿವರ್‌ಪೂಲ್‌ನ ಜೆರಾರ್ಡ್ ಇಲ್ಲ. ಕ್ರೀಡಾ ಮನಃಶಾಸ್ತ್ರ ಕಲಿಸುವ ನನಗೆ ಇದು ಹೊಸತಲ್ಲ. ಯಾರನ್ನು ಬೇಕಾದರೂ ಕೇಳಿ ನೋಡಿ, 'ಯಾವ ಟೀಮು, ಯಾವಾಗಿಂದ?' ಅಂತ. ಮೊದಲು ಬರುವುದು ಯಾರ ಮನೆ, ಯಾರು ಪಕ್ಕದಲ್ಲಿ ಕೂತಿದ್ದರು, ಅವತ್ತು ಮಳೆ ಇತ್ತಾ ಅನ್ನುವ ಸುದ್ದಿ. ಗೋಲು ಹೊಡೆದದ್ದು ಯಾರು ಅನ್ನುವುದು ಆಮೇಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯಲ್ಲಿ ಯಾರೂ ತಂಡ ಆರಿಸಿಕೊಳ್ಳುವುದಿಲ್ಲ. ಟಿವಿಯಲ್ಲಿ ಮ್ಯಾಚ್ ಬರುವ ಹೊತ್ತು ಮತ್ತು ಆ ಹೊತ್ತಿಗೆ ಜೊತೆಗಿದ್ದವರು, ಇಬ್ಬರೂ ಸೇರಿ ನಮಗೊಂದು ತಂಡ ಗಂಟು ಹಾಕುತ್ತಾರೆ. ಆಮೇಲೆ ಆ ತಂಡ ಉಳಿಯುವುದು ಆ ಜನರಿಗಾಗಿ.

ಹೊತ್ತಿನ ವಿಷಯ ಮೊದಲು ನೋಡುವ. 2002ರ ವಿಶ್ವಕಪ್ ನಡೆದದ್ದು ಜಪಾನ್ ಮತ್ತು ಕೊರಿಯಾದಲ್ಲಿ. ಅವರ ರಾತ್ರಿ ಎಂಟೂವರೆ ಅಂದರೆ ನಮಗೆ ಸಂಜೆ ಐದು. ಬ್ರೆಜಿಲ್ ಆಟಗಳ ಸಮಯ ತೆಗೆದು ನೋಡಿ. ಜೂನ್ 8, ಚೀನಾ ವಿರುದ್ಧ, ಸಂಜೆ 5 ಗಂಟೆ. ಜೂನ್ 17, ಬೆಲ್ಜಿಯಂ ವಿರುದ್ಧ, ಸಂಜೆ 5. ಜೂನ್ 26, ಟರ್ಕಿ ವಿರುದ್ಧ ಸೆಮಿಫೈನಲ್, ಮತ್ತೆ ಸಂಜೆ 5. ಶಾಲೆ ಬಿಟ್ಟು ಒದ್ದೆ ಚೀಲ ಮೂಲೆಗೆ ಎಸೆದು ಚಾ ಕುಡಿಯುವ ಹೊತ್ತು. ಫೈನಲ್ ಜೂನ್ 30ರ ಭಾನುವಾರ, ಸಂಜೆ ನಾಲ್ಕೂವರೆಗೆ. ಹೊರಗೆ ಮಳೆಗಾಲ, ಆಡಲು ಹೋಗುವ ಹಾಗಿಲ್ಲ. ಟಿವಿ ಮುಂದೆ ಕೂತ ಮಗುವಿಗೆ ಕಂಡದ್ದು ಹಳದಿ ಅಂಗಿ, ಮುಂದಲೆಯಲ್ಲಿ ಮಾತ್ರ ಒಂದು ತುಂಡು ಕೂದಲು ಬಿಟ್ಟ ರೊನಾಲ್ಡೋ, ಅವನ ಎರಡು ಗೋಲು. ಜರ್ಮನಿಗೆ 2-0 ಸೋಲು. ಆ ತಿಂಗಳು ನಮ್ಮ ಕಡೆಯ ಕ್ಷೌರದಂಗಡಿಗಳಲ್ಲಿ ಆ ಹೇರ್‌ಕಟ್ ಬೇಕು ಅಂತ ಹಟ ಹಿಡಿದ ಮಕ್ಕಳೆಷ್ಟೋ. ನಿಮಗೆ ಆಗ 9 ವರ್ಷ ಇರಬೇಕು.

ಅದಕ್ಕಿಂತ ಹಿಂದಿನ ಮಕ್ಕಳಿಗೆ ಈ ಭಾಗ್ಯ ಇರಲಿಲ್ಲ. 1994ರ ಫೈನಲ್ ಅಮೆರಿಕದಲ್ಲಿ ಮಟಮಟ ಮಧ್ಯಾಹ್ನ ಶುರುವಾಯಿತು. ನಮಗೆ ಆಗ ರಾತ್ರಿ 1 ಗಂಟೆ. 1998ರ ಪ್ಯಾರಿಸ್ ಫೈನಲ್ ನಮಗೆ ರಾತ್ರಿ ಹನ್ನೆರಡೂವರೆಗೆ. ಆ ಹೊತ್ತಿಗೆ ಎದ್ದಿರಲು ಮನೆಯಲ್ಲಿ ಒಬ್ಬ ದೊಡ್ಡವ ಬೇಕು, ಹುಚ್ಚ ಬೇಕು, 'ಅವನೂ ನೋಡಲಿ ಬಿಡಿ' ಅಂತ ಹೇಳುವವ ಬೇಕು. ಹಾಗಾಗಿ ಆ ತಲೆಮಾರಿನವರಲ್ಲಿ ಒಬ್ಬ ಅಣ್ಣನ, ಒಬ್ಬ ಚಿಕ್ಕಪ್ಪನ ತಂಡ ಜಾಸ್ತಿ. 1986ರ ಮೆಕ್ಸಿಕೋ ವಿಶ್ವಕಪ್ಪನ್ನು ದೂರದರ್ಶನದಲ್ಲಿ ನೋಡಿದ ಹಿರಿಯರಿಗಂತೂ ಕೇಳಲೇಬೇಡಿ. ಅರ್ಜೆಂಟೀನಾದ ಮರಡೋನಾ ಇಂಗ್ಲೆಂಡ್ ಮೇಲೆ ಎರಡು ಗೋಲು ಹೊಡೆದ ಆಟ ನಮಗೆ ಬಂದದ್ದು ರಾತ್ರಿ ಹನ್ನೊಂದೂವರೆಗೆ. ಟಿವಿ ಇದ್ದ ಮನೆಗಳೇ ಕಡಿಮೆ. ನೋಡಿದವರೆಲ್ಲ ಇನ್ನೊಬ್ಬರ ಮನೆಯ ಜಗಲಿಯಲ್ಲಿ ಕೂತು ನೋಡಿದವರು. ಅವರು ಇವತ್ತಿಗೂ ಅರ್ಜೆಂಟೀನಾ. ಇನ್ನು 2018ರ ಮತ್ತು 2022ರ ಫೈನಲ್ ಎರಡೂ ನಮಗೆ ರಾತ್ರಿ ಎಂಟೂವರೆಗೆ ಶುರುವಾದವು. ಊಟದ ಹೊತ್ತು, ಮನೆ ಮಂದಿಯೆಲ್ಲ ಎದುರಿಗೆ. ಈಗ ಹತ್ತು ಹನ್ನೆರಡು ವರ್ಷದ ಮಕ್ಕಳಲ್ಲಿ ಇಷ್ಟೊಂದು ಮಂದಿ ಮೆಸ್ಸಿ, ಎಂಬಾಪೆ ಅನ್ನುವುದಕ್ಕೆ ಆ ಗಡಿಯಾರಕ್ಕೂ ಸ್ವಲ್ಪ ಪಾಲು ಕೊಡಬೇಕು.

ವಯಸ್ಸಿನ ಲೆಕ್ಕಕ್ಕೆ ಒಂದು ಒಳ್ಳೆಯ ಆಧಾರ ಉಂಟು. ಅಮೆರಿಕದ ಸೇತ್ ಸ್ಟೀಫನ್ಸ್-ಡೇವಿಡೋವಿಟ್ಸ್ 2014ರಲ್ಲಿ ಫೇಸ್‌ಬುಕ್ ಲೈಕ್‌ಗಳನ್ನು ಇಟ್ಟುಕೊಂಡು ಬೇಸ್‌ಬಾಲ್ ಅಭಿಮಾನಿಗಳ ಹುಟ್ಟಿದ ವರ್ಷ ನೋಡಿದರು. ಗಂಡುಮಕ್ಕಳಿಗೆ ಸುಮಾರು 8 ವರ್ಷ ಇರುವಾಗ ಯಾವ ತಂಡ ಕಪ್ ಗೆದ್ದಿತೋ, ಆ ತಂಡ ದೊಡ್ಡವರಾದ ಮೇಲೂ ಅಂಟಿಕೊಂಡಿರುವುದು ಜಾಸ್ತಿ ಅಂತ ಕಂಡಿತು. ನ್ಯೂಯಾರ್ಕ್ ಮೆಟ್ಸ್ ಅನ್ನುವ ತಂಡ ಗೆದ್ದದ್ದು 1969ರಲ್ಲಿ ಮತ್ತು 1986ರಲ್ಲಿ. 1961ರಲ್ಲಿ ಮತ್ತು 1978ರಲ್ಲಿ ಹುಟ್ಟಿದ ಗಂಡಸರಲ್ಲಿ ಅವರ ಅಭಿಮಾನಿಗಳು ಎದ್ದು ಕಾಣುವಷ್ಟು ಇದ್ದರು. ಇದು ಅಮೆರಿಕದ ಲೆಕ್ಕ, ಬೇರೆ ಆಟ. ಆದರೆ ನಿಮ್ಮ 2002 ಇದಕ್ಕೆ ಸರಿಯಾಗಿ ಕೂರುತ್ತದೆ, ಅಲ್ವಾ?

ನಮ್ಮ ಕರಾವಳಿಗೆ ಮಾತ್ರ ಇರುವ ಇನ್ನೊಂದು ಕಾರಣ ಉಂಟು. ಇದನ್ನು ಬೆಂಗಳೂರಿನವರಿಗೆ ಹೇಳಿದರೆ ನಗುತ್ತಾರೆ. ಆಳಸಮುದ್ರ ಮೀನುಗಾರಿಕೆಗೆ ರಜೆ ಯಾವಾಗ? ಈಗ ಜೂನ್ 1ರಿಂದ ಜುಲೈ 31ರ ತನಕ, 61 ದಿನ. ವಿಶ್ವಕಪ್ ಯಾವಾಗ? 2022ರ ಕತಾರ್ ಬಿಟ್ಟರೆ ಎಲ್ಲವೂ ಮೇ ಕೊನೆಯಿಂದ ಜುಲೈ ಒಳಗೆ. ವರ್ಷದ ಹತ್ತು ತಿಂಗಳು ಕಡಲಲ್ಲಿ ಇರುವ ಗಂಡಸರು ನಾಲ್ಕು ವರ್ಷಕ್ಕೊಮ್ಮೆ, ಸರಿಯಾಗಿ ಆ ತಿಂಗಳು ಮನೆಯಲ್ಲಿ. ಮಲ್ಪೆಯಲ್ಲಿ, ಬೆಂಗ್ರೆಯಲ್ಲಿ, ನಿಮ್ಮ ಉಳ್ಳಾಲದಲ್ಲಿ ಬೋಟುಗಳು ದಡದಲ್ಲಿ ಸಾಲಾಗಿ ನಿಂತಿರುತ್ತವೆ. ಬಲೆ ರಿಪೇರಿ ಮಾಡುತ್ತಾ ಮಾತು, ರಾತ್ರಿ ಮ್ಯಾಚು. ಅಪ್ಪನನ್ನು ಅಪರೂಪಕ್ಕೆ ನೋಡುವ ಮಗುವಿಗೆ ಅಪ್ಪ ಸಿಕ್ಕುವುದು ಟಿವಿ ಮುಂದೆ. ಅಂಥ ಮಗುವಿಗೆ ಅಪ್ಪನ ತಂಡ ಬಿಟ್ಟು ಬೇರೆ ತಂಡ ಎಲ್ಲಿಂದ ಬರಬೇಕು?

ಹಾಗಂತ ಕರಾವಳಿ ಪೂರ್ತಿ ಫುಟ್‌ಬಾಲ್ ಊರಲ್ಲ. ಉಡುಪಿ ಕಡೆ ಒಳನಾಡಿಗೆ ಹೋದರೆ ವಾಲಿಬಾಲ್, ಕಬಡ್ಡಿ, ಅಂಡರ್‌ಆರ್ಮ್ ಕ್ರಿಕೆಟ್. ಫುಟ್‌ಬಾಲ್ ಇರುವುದು ಕೆಲವೇ ಪಾಕೆಟ್‌ಗಳಲ್ಲಿ. ಬಂದರು, ಕುದ್ರೋಳಿ, ಕಸಬಾ ಬೆಂಗ್ರೆ, ಉಳ್ಳಾಲ, ಮೈದಾನ ಇರುವ ಹಳೆಯ ಮಿಷನ್ ಶಾಲೆಗಳ ಆಸುಪಾಸು. ತಲಪಾಡಿ ದಾಟಿದರೆ ಸೆವೆನ್ಸ್, ಅಂದರೆ ಏಳೇಳು ಮಂದಿ ಆಡುವ ಫುಟ್‌ಬಾಲ್ ಟೂರ್ನಿಗಳ ಕಾಸರಗೋಡು. ಅಲ್ಲಿನ ತ್ರಿಕ್ಕರಿಪುರದ ಮೊಹಮ್ಮದ್ ರಫಿ ಭಾರತ ತಂಡಕ್ಕೆ ಆಡಿದವರು. ಆ ಗಾಳಿ ಉಳ್ಳಾಲಕ್ಕೆ ಬೀಸುವುದಕ್ಕೆ ಸೇತುವೆಯೂ ಬೇಡ. ನೀವು ಹುಟ್ಟಿದ್ದು ಕಾರ್ಕಳದ ಒಳಗಿನ ಯಾವುದೋ ಹಳ್ಳಿಯಲ್ಲಾಗಿದ್ದರೆ ಈ ಪತ್ರ ಬಹುಶಃ ಸಚಿನ್ ಬಗ್ಗೆ ಇರುತ್ತಿತ್ತು.

ಈಗ ನಿಮ್ಮ ಮಾಮ. 2005ರ ಮೇ 25, ಇಸ್ತಾಂಬುಲ್. ನಮಗೆ ಆಟ ಶುರುವಾದದ್ದು ನಡುರಾತ್ರಿ ಹನ್ನೆರಡು ಕಾಲಕ್ಕೆ. ಮೇ ತಿಂಗಳು, ಶಾಲೆಗೆ ಇನ್ನೂ ರಜೆ. ಗಲ್ಫಿನವರೂ ರಜೆ ಹಾಕಿ ಊರಿಗೆ ಬರುವ ಕಾಲ. ಅರ್ಧ ಆಟಕ್ಕೆ ಎಸಿ ಮಿಲಾನ್ 3, ಲಿವರ್‌ಪೂಲ್ 0. ಬೇರೆ ಯಾರಾದರೂ ಆಗಿದ್ದರೆ 'ಇನ್ನೆಂತ ನೋಡುವುದು, ಮಲಗು' ಅಂತ ಟಿವಿ ಬಂದ್ ಮಾಡುತ್ತಿದ್ದರು. ನಿಮ್ಮ ಮಾಮ ಬಂದ್ ಮಾಡಲಿಲ್ಲ. ಇಷ್ಟೇ ನೋಡಿ ನಿಮ್ಮ ಲಿವರ್‌ಪೂಲ್ ಕಥೆ. ಆಮೇಲೆ ಆರು ನಿಮಿಷದಲ್ಲಿ ಮೂರು ಗೋಲು, 3-3, ಪೆನಾಲ್ಟಿಯಲ್ಲಿ ಗೆಲುವು. ನಡುರಾತ್ರಿ ಕಳೆದು ಎಷ್ಟೋ ಹೊತ್ತಾಗಿದೆ, ಮನೆಯವರೆಲ್ಲ ಮಲಗಿದ್ದಾರೆ. ಕೂಗುವ ಹಾಗಿಲ್ಲ. ಒಬ್ಬ ಹನ್ನೆರಡು ವರ್ಷದ ಹುಡುಗ, ಒಬ್ಬ ದೊಡ್ಡ ಮನುಷ್ಯ, ಇಬ್ಬರೂ ಬಾಯಿ ಮುಚ್ಚಿಕೊಂಡು ಕುಣಿಯಬೇಕು. ದೊಡ್ಡವರ ಜೊತೆ ಸಮಾನವಾಗಿ ಕೂರುವ ಅವಕಾಶ ಆ ವಯಸ್ಸಿನಲ್ಲಿ ಸಿಗುವುದೇ ಕಡಿಮೆ. ಸಿಕ್ಕಿದ್ದನ್ನು ಮಗು ಬಿಡುವುದಿಲ್ಲ.

ಇದು ನಮ್ಮೂರಿಗೆ ಹೊಸತೇನಲ್ಲ. ಅಜ್ಜನ ಬೆರಳು ಹಿಡಿದು ಯಕ್ಷಗಾನಕ್ಕೆ ಹೋದ ಮಗು ಚಾಪೆ ಮೇಲೆ ನಿದ್ದೆ ಹೋಗುತ್ತದೆ, ಮಹಿಷಾಸುರನ ಆರ್ಭಟಕ್ಕೆ ಬೆಚ್ಚಿ ಏಳುತ್ತದೆ, ಅಜ್ಜನ ಮಡಿಲಿಗೆ ಸರಿಯುತ್ತದೆ. ನಲವತ್ತು ವರ್ಷ ಆದಮೇಲೂ ಆ ಮನುಷ್ಯನಿಗೆ ಅದೇ ಮೇಳ ಆಗಬೇಕು. ಬೇರೆ ಮೇಳದಲ್ಲಿ ಇನ್ನೂ ಒಳ್ಳೆಯ ಭಾಗವತರು ಇದ್ದರೂ ಸರಿಯೇ.

ಸರಿ, ಹಿಡಿಯಿತು. ಉಳಿಯುವುದು ಯಾಕೆ? ಇಲ್ಲಿ ಒಂದು ಸಿಕ್ಕು ಉಂಟು. ಸಸೆಕ್ಸ್ ವಿಶ್ವವಿದ್ಯಾಲಯದ ಪೀಟರ್ ಡಾಲ್ಟನ್ ಮತ್ತು ಜಾರ್ಜ್ ಮ್ಯಾಕೆರಾನ್ 2018ರಲ್ಲಿ ಮೊಬೈಲ್ ಆ್ಯಪ್ ಮೂಲಕ ಸಿಕ್ಕಿದ ಲಕ್ಷಾಂತರ ಉತ್ತರಗಳನ್ನು ಲೆಕ್ಕ ಹಾಕಿದರು. ತಂಡ ಗೆದ್ದಾಗ ಅಭಿಮಾನಿಗೆ ಸಿಗುವ ಖುಷಿಗಿಂತ ಸೋತಾಗ ಆಗುವ ಬೇಸರ ಸುಮಾರು ಎರಡು ಪಟ್ಟು. ವ್ಯಾಪಾರದ ಲೆಕ್ಕದಲ್ಲಿ ಇದು ಶುದ್ಧ ನಷ್ಟ. ಅರ್ಧ ಗೆದ್ದು ಅರ್ಧ ಸೋಲುವ ತಂಡದ ಹಿಂದೆ ಹೋದವನು ವರ್ಷದ ಕೊನೆಗೆ ಸಾಲದಲ್ಲಿ ಇರುತ್ತಾನೆ. ಬುದ್ಧಿ ಇದ್ದವರು ಬಿಡಬೇಕಿತ್ತು. ಯಾರೂ ಬಿಡುವುದಿಲ್ಲ.

ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಇಂಗ್ಲೆಂಡಿನ ಮಾರ್ಥಾ ನ್ಯೂಸನ್ ಮತ್ತು ಅವರ ಜೊತೆಗಾರರ 2021ರ ಅಧ್ಯಯನ ಸ್ವಲ್ಪ ಬೆಳಕು ಕೊಡುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ ಗೆಲ್ಲುತ್ತಲೇ ಇರುವ ಐದು ಕ್ಲಬ್‌ಗಳ ಅಭಿಮಾನಿಗಳನ್ನೂ ಸೋಲುತ್ತಲೇ ಇರುವ ಐದು ಕ್ಲಬ್‌ಗಳ ಅಭಿಮಾನಿಗಳನ್ನೂ ಹೋಲಿಸಿದರು. ಒಬ್ಬರಿಗೊಬ್ಬರು ಹೆಚ್ಚು ಅಂಟಿಕೊಂಡಿದ್ದವರು ಸೋತ ಕ್ಲಬ್‌ನವರು. ಒಟ್ಟಿಗೆ ಪಟ್ಟ ಸಂಕಟ ಜನರನ್ನು ಹತ್ತಿರ ಮಾಡುತ್ತದೆ. ನಿಮ್ಮ 7-1ರ ರಾತ್ರಿಯನ್ನು ಹೀಗೆ ನೋಡಿ. 23ನೇ ನಿಮಿಷದಿಂದ 29ನೇ ನಿಮಿಷದ ಒಳಗೆ ನಾಲ್ಕು ಗೋಲು. ನಮಗೆ ಆಗ ಬೆಳಗಿನ ಜಾವ ಎರಡು. ಅವತ್ತು ನೀವು ಒಬ್ಬರೇ ಅತ್ತಿರಾ, ಪಕ್ಕದಲ್ಲಿ ಯಾರಾದರೂ ಇದ್ದರಾ ಅಂತ ನೀವು ಬರೆದಿಲ್ಲ. ಇದ್ದರೆ, ಅವರ ನಂಬರ್ ಇವತ್ತಿಗೂ ನಿಮ್ಮ ಫೋನಿನಲ್ಲಿ ಇರುತ್ತದೆ ಅಂತ ಪಂಥ ಕಟ್ಟುತ್ತೇನೆ. ಅರ್ಜೆಂಟೀನಾದವರು ಮರುದಿನ ಏಳು ಬೆರಳು ತೋರಿಸಿ ಕೀಟಲೆ ಮಾಡಿದ್ದೂ ನೆನಪಿರಬೇಕು. ಅವರೂ ಐದೇ ದಿನದಲ್ಲಿ ಫೈನಲ್ ಸೋತರು, ಅದು ಬೇರೆ ಮಾತು.

ಗೆದ್ದಾಗ ಮಾತ್ರ ಬರುವವರು ಇಲ್ಲವೇ ಅಂದರೆ, ಧಾರಾಳ ಇದ್ದಾರೆ. ಅಮೆರಿಕದ ರಾಬರ್ಟ್ ಚಾಲ್ಡಿನಿ 1976ರಲ್ಲೇ ಇದನ್ನು ಬರೆದರು. ಕಾಲೇಜು ತಂಡ ಶನಿವಾರ ಗೆದ್ದರೆ ಸೋಮವಾರ ಆ ಹೆಸರಿನ ಅಂಗಿ ಹಾಕಿಕೊಂಡು ಬರುವವರು ಜಾಸ್ತಿ. ಗೆದ್ದಾಗ 'ನಾವು ಗೆದ್ದೆವು', ಸೋತಾಗ 'ಅವರು ಸೋತರು'. ಅಂಥವರನ್ನು ಹೀನಾಯ ಮಾಡಬೇಕಾಗಿಲ್ಲ. ಆದರೆ ನೀವು ಆ ಜಾತಿಯಲ್ಲ. 2005ರ ನಂತರ ಲಿವರ್‌ಪೂಲ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆಲ್ಲಲು 2020ರ ತನಕ ಕಾದಿದ್ದೀರಿ. ಗೆದ್ದದ್ದು ಎಂಥ ಹೊತ್ತಿನಲ್ಲಿ? ಕೊರೋನಾ ಕಾಲದಲ್ಲಿ. ಪಟಾಕಿ ಹೊಡೆಯಲು ರಸ್ತೆಗೆ ಇಳಿಯುವ ಹಾಗೂ ಇರಲಿಲ್ಲ ಮಾರಾಯ್ರೆ.

ಈಗ ದೂರದ ಮಾತು. ನಿಮಗೆ ಇದೇ ಮುಖ್ಯ, ಯಾಕೆಂದರೆ ಹೊರಟಿದ್ದೀರಿ.

ಮಂಗಳೂರು, ಉಡುಪಿಯವರು ಹಿಂದಿನಿಂದಲೂ ಊರು ಬಿಡುವವರು. ಮುಂಬೈ ಹೋಟೆಲುಗಳಿಗೆ ಹೋದರು, ಬ್ಯಾಂಕಿನ ಕೆಲಸದಲ್ಲಿ ದೇಶ ಸುತ್ತಿದರು, ಗಲ್ಫಿಗೆ ಹೋದರು. ಊರು ಬಿಟ್ಟವನಿಂದ ಎಷ್ಟೋ ಸಂಗತಿ ಜಾರಿಹೋಗುತ್ತವೆ. ಊರ ಜಾತ್ರೆ ತಪ್ಪುತ್ತದೆ, ಮದುವೆಗಳು ತಪ್ಪುತ್ತವೆ. ಲಿವರ್‌ಪೂಲ್ ಮಾತ್ರ ತಪ್ಪುವುದಿಲ್ಲ. ಉಳ್ಳಾಲದಿಂದಲೂ ಅದು ಟಿವಿಯಲ್ಲೇ ಇತ್ತು, ದಮ್ಮಾಮಿನಲ್ಲೂ ಟಿವಿಯಲ್ಲೇ. ಲಿವರ್‌ಪೂಲಿನಲ್ಲೇ ಹುಟ್ಟಿ ಸೌದಿಗೆ ಬಂದವನಿಗೆ ಅವನ ತಂಡ ದೂರವಾಗುತ್ತದೆ. ನಮಗೆ ಮೊದಲಿಂದಲೂ ಅದು ದೂರವೇ, ಹಾಗಾಗಿ ಎಲ್ಲಿ ಹೋದರೂ ಇನ್ನಷ್ಟು ದೂರ ಆಗುವುದಿಲ್ಲ. ದೇಶ ಬಿಟ್ಟವನಿಗೆ ಇದಕ್ಕಿಂತ ಅನುಕೂಲದ ತಂಡ ಉಂಟಾ?

ಗಲ್ಫಿನ ಬ್ಯಾಚುಲರ್ ರೂಮ್ ನಿಮಗೆ ಸದ್ಯದಲ್ಲೇ ಗೊತ್ತಾಗುತ್ತದೆ. ಮೇಲೊಂದು ಕೆಳಗೊಂದು ಕಬ್ಬಿಣದ ಮಂಚ, ಒಂದೇ ಟಿವಿ, ಅದರ ರಿಮೋಟಿಗೆ ಜಗಳ. ಒಬ್ಬ ಬಂಟ್ವಾಳದವ, ಇಬ್ಬರು ಮಲಪ್ಪುರಂನವರು, ಪಕ್ಕದ ರೂಮಿನಲ್ಲಿ ಈಜಿಪ್ಟಿನವರು. ಮಾತು ಶುರುಮಾಡಲು ಭಾಷೆ ಸಾಲುವುದಿಲ್ಲ. ಲಿವರ್‌ಪೂಲ್‌ಗೆ ಆಡಿ ಹೆಸರು ಮಾಡಿದ ಅವರ ದೇಶದವನ ಹೆಸರು, 'ಸಲಾಹ್' ಅಂದರೆ ಸಾಕು, ಈಜಿಪ್ಟಿನವ ಚಾ ಕೊಡುತ್ತಾನೆ. ಲಿವರ್‌ಪೂಲ್ ಅಭಿಮಾನಿಗೆ ಇದು ಪುಕ್ಕಟೆ ಸಿಗುವ ಪರಿಚಯ ಪತ್ರ. ಹೋದ ಮೊದಲ ತಿಂಗಳು ಬಹಳ ಕಷ್ಟದ್ದು. ಆಗ ಇಂಥ ಪರಿಚಯ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಗಲ್ಫಿನಿಂದ ವಾಪಸಾದ ಯಾರನ್ನಾದರೂ ಕೇಳಿ.

'ನೀವು ನಿಜವಾದ ಅಭಿಮಾನಿಗಳಾ?' ಅಂತ ಕೇಳುವವರೂ ಸಿಗುತ್ತಾರೆ. 2022ರ ನವೆಂಬರಿನಲ್ಲಿ, ಕತಾರ್ ವಿಶ್ವಕಪ್ ಹೊತ್ತಿಗೆ, ದೋಹಾದಲ್ಲಿ ಇದೇ ಆಯಿತು. ಅಲ್ಲೇ ದುಡಿಯುವ ದಕ್ಷಿಣ ಭಾರತದವರು, ಮುಖ್ಯವಾಗಿ ಕೇರಳದವರು, ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಅಂಗಿ ಹಾಕಿ ಡೋಲು ಬಡಿದು ಮೆರವಣಿಗೆ ಹೋದರು. ಯುರೋಪಿನ ಕೆಲವು ಪತ್ರಿಕೆಗಳಲ್ಲಿ, ಸೋಷಿಯಲ್ ಮೀಡಿಯಾದಲ್ಲಿ 'ಇವರು ಕಾಸು ಕೊಟ್ಟು ಕರೆಸಿದವರು' ಅನ್ನುವ ಅನುಮಾನ ಬಂತು. ಆ ಹುಡುಗರು ತಮಗೆ ಯಾರೂ ಹಣ ಕೊಟ್ಟಿಲ್ಲ ಅಂದರು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಅಧ್ಯಕ್ಷ ಜಾನಿ ಇನ್ಫಾಂಟಿನೊ ಇದನ್ನು ಜನಾಂಗೀಯ ತಾರತಮ್ಯ ಅಂತಲೇ ಕರೆದರು. ಇನ್ಫಾಂಟಿನೊ ಹೇಳಿದ ಎಲ್ಲವನ್ನೂ ನಾನು ಒಪ್ಪುವವನಲ್ಲ, ಈ ಒಂದನ್ನು ಒಪ್ಪುತ್ತೇನೆ. ಕೋಝಿಕ್ಕೋಡ್ ಹತ್ತಿರದ ಪುಳ್ಳಾವೂರಿನಲ್ಲಿ ಹೊಳೆ ನಡುವೆ ಮೆಸ್ಸಿ, ನೇಮಾರ್, ಪೋರ್ಚುಗಲಿನ ಕ್ರಿಸ್ಟಿಯಾನೊ ರೊನಾಲ್ಡೋ ಕಟೌಟ್ ನಿಲ್ಲಿಸಿದವರಿಗೆ ಯಾರು ಕಾಸು ಕೊಟ್ಟರು? ನಮ್ಮ ಬಂದರಿನ ಗಲ್ಲಿಗಳಲ್ಲಿ ಫ್ಲೆಕ್ಸ್ ಕಟ್ಟುವ ಹುಡುಗರು ತಮ್ಮ ತಮ್ಮ ಕಿಸೆಯಿಂದ ನೂರು, ಇನ್ನೂರು ಹಾಕಿ ಕಟ್ಟುತ್ತಾರೆ.

ಆದರೆ ನನಗೂ ಒಂದು ಬೇಸರ ಉಂಟು, ಹೇಳಿಬಿಡುತ್ತೇನೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದಮೇಲೆ ಬಂದ ಕಪ್. ಕೊನೆಯ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಮರುವಾರ ತರಗತಿಯಲ್ಲಿ ಕೇಳಿದರೆ ಸುದ್ದಿ ಗೊತ್ತಿದ್ದವರು ಬೆರಳೆಣಿಕೆ. ಅವರಲ್ಲೇ ಎಷ್ಟೋ ಮಂದಿಗೆ ಆರ್ಸೆನಲ್‌ನ ಬದಲಿ ಗೋಲ್‌ಕೀಪರ್ ಯಾರು ಅಂತ ಗೊತ್ತು. ಟಿವಿ ಯಾವುದನ್ನು ಒಳ್ಳೆಯ ಹೊತ್ತಿಗೆ ತೋರಿಸುತ್ತದೋ ಅದೇ ನಮ್ಮದಾಗುತ್ತದೆ ಅಂದೆನಲ್ಲ, ಅದಕ್ಕೆ ಇನ್ನೊಂದು ಸಾಕ್ಷಿ. ಬೆಂಗಳೂರು ಎಫ್‌ಸಿ ಕ್ಲಬ್ 2013ರಲ್ಲಿ ಹುಟ್ಟಿತು, ಮೊದಲ ವರ್ಷವೇ ದೇಶದ ಐ-ಲೀಗ್ ಗೆದ್ದಿತು, 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿತು. ಕಂಠೀರವಕ್ಕೆ ಇಲ್ಲಿಂದ ರಾತ್ರಿ ಬಸ್ಸು ಉಂಟು. ಹೊರಡುವ ಮೊದಲು ಮ್ಯಾಚ್ ಇದ್ದರೆ ಒಂದು ಸಲ ಮಗನನ್ನು ಕರೆದುಕೊಂಡು ಹೋಗಿ. ಟಿವಿಯಲ್ಲಿ ಚೆಂಡು ಮಾತ್ರ ಕಾಣುತ್ತದೆ. ಚೆಂಡು ಇಲ್ಲದ ಇಪ್ಪತ್ತು ಮಂದಿ ಎಂತ ಮಾಡುತ್ತಾರೆ ಅನ್ನುವುದು ಗ್ಯಾಲರಿಯಲ್ಲಿ ಕೂತರೆ ಮಾತ್ರ ಗೊತ್ತಾಗುವುದು.

ವಯಸ್ಸಾದಂತೆ ಬಿಡುತ್ತದಾ ಅಂದಿರಿ. ಬಿಡುವುದಿಲ್ಲ, ಆಕಾರ ಬದಲಾಗುತ್ತದೆ. ಇಪ್ಪತ್ತರಲ್ಲಿ ಜಗಳ, ಫ್ಲೆಕ್ಸ್, ಬೈಕ್ ಮೆರವಣಿಗೆ. ಮೂವತ್ತು ದಾಟಿದ ಮೇಲೆ ಇಡೀ ಮ್ಯಾಚ್ ನೋಡುವುದು ಕಡಿಮೆಯಾಗಿ ಸ್ಕೋರು, ಹೈಲೈಟ್ಸ್, ವಾಟ್ಸಾಪ್ ಗುಂಪು. ಕೆಲವರು ಆಟದ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತಾರೆ. ಮೊಣಗಂಟು ಹೋದ ಮೇಲೆ ರೆಫರಿ ಆದವರು, ನೆಹರೂ ಮೈದಾನದಲ್ಲಿ ಶಾಲಾ ಮಕ್ಕಳ ಟೂರ್ನಿಗೆ ಗೆರೆ ಎಳೆಯುವವರು, ಗಲ್ಫಿನಿಂದ ಬಂದು ಬೀದಿಯ ಮಕ್ಕಳಿಗೆ ಒಂದು ಸೆಟ್ ಜೆರ್ಸಿ ತೆಗೆದುಕೊಡುವವರು. ಇವರೆಲ್ಲ ಒಂದು ಕಾಲದಲ್ಲಿ ಟಿವಿ ಮುಂದೆ ಅತ್ತವರೇ. ತೀರಾ ವಯಸ್ಸಾದ ಮೇಲೂ ಅದು ಉಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ 'ಫುಟ್‌ಬಾಲ್ ಮೆಮೊರೀಸ್' ಅಂತ ಒಂದು ಕಾರ್ಯಕ್ರಮ ಉಂಟು. ಮರೆವಿನ ಕಾಯಿಲೆಯ ಹಿರಿಯರನ್ನು ಕೂರಿಸಿ ಹಳೆಯ ಆಟಗಾರರ, ಮೈದಾನಗಳ ಫೋಟೋ ತೋರಿಸಿ ಮಾತಾಡಿಸುತ್ತಾರೆ. ಆ ನೆನಪು ಕೆದಕಿದರೆ ಮಾತು ಬರುವವರು ಇರುತ್ತಾರೆ ಅನ್ನುವ ನಂಬಿಕೆಯ ಮೇಲೆ ಅದು ನಿಂತಿದೆ.

ಎಚ್ಚರಿಕೆ ಎರಡೇ. ಒಂದು ಎದೆ. 2006ರ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಆದವು ಅಂತ 2008ರಲ್ಲಿ ಒಂದು ಅಧ್ಯಯನ ಬಂತು. ಮೊದಲೇ ಹೃದಯದ ತೊಂದರೆ ಇದ್ದವರಲ್ಲಿ ಅಪಾಯ ಇನ್ನೂ ಜಾಸ್ತಿ. ನಿಮಗೆ ಸದ್ಯ ಭಯ ಬೇಡ. ಆದರೆ ಮಾಮನಿಗೆ ಬಿಪಿ ಇದ್ದರೆ ನಾಕೌಟ್ ಮ್ಯಾಚಿನ ದಿನ ಮಾತ್ರೆ ತಪ್ಪಿಸಬಾರದು ಅಂತ ಹೇಳಿ. ಎರಡು, ಬೆಟ್ಟಿಂಗ್. ಹಣ ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳ ವಿರುದ್ಧ 2025ರಲ್ಲಿ ಕೇಂದ್ರ ಕಾನೂನು ಬಂದಿದೆ, ಕದ್ದು ಆಡುವವರು ಇದ್ದೇ ಇದ್ದಾರೆ. ಹಣ ಹಾಕಿದ ಹುಡುಗ ತನ್ನ ತಂಡದ ವಿರುದ್ಧವೇ ಗೋಲು ಬೀಳಲಿ ಅಂತ ಕಾಯುವುದನ್ನು ನೋಡಿದ್ದೇನೆ. ಅಲ್ಲಿಗೆ ಅಭಿಮಾನ ಮುಗಿಯಿತು.

ನಿಮ್ಮ ಹೆಂಡತಿಯ ಪ್ರಶ್ನೆ ಬಗ್ಗೆ. ಅದನ್ನು ಗೇಲಿ ಅಂತ ತಗೊಳ್ಳಬೇಡಿ. 2002ರಲ್ಲಿ ಅವರೂ ಸಣ್ಣವರೇ. ನೀವು ಟಿವಿ ಮುಂದೆ ಕೂತಿದ್ದಾಗ ಎಷ್ಟೋ ಮನೆಗಳಲ್ಲಿ ಹುಡುಗಿಯರು ಒಳಗೆ ಪಾತ್ರೆ ತೊಳೆಯುತ್ತಿದ್ದರು, ಹೊರಗೆ ಕೂಗು ಕೇಳಿದರೆ ಬಾಗಿಲ ಸಂದಿನಿಂದ ರಿಪ್ಲೇ ನೋಡುತ್ತಿದ್ದರು. ಕ್ಲಬ್ ರೂಮಿಗೆ, ಮೈದಾನದ ಕಟ್ಟೆಗೆ ಅವರಿಗೆ ಪ್ರವೇಶವೇ ಇರಲಿಲ್ಲ. ತಂಡ ಗಂಟು ಬೀಳಲು ಪಕ್ಕದಲ್ಲಿ ಜಾಗ ಬೇಕಲ್ಲ? ಅವರಿಗೆ ಹೇಳಬೇಕಾದ ಉತ್ತರ ಇಷ್ಟೇ: ಬ್ರೆಜಿಲ್ ನನಗೆ ಏನೂ ಆಗಬೇಕಾಗಿಲ್ಲ, ಅದನ್ನು ನನ್ನ ಜೊತೆ ನೋಡಿದವರು ಆಗಬೇಕು. ಅವರ ಹೆಸರು ಒಂದೊಂದಾಗಿ ಹೇಳಿ. ಆಮೇಲೆ ಮುಂದಿನ ಮ್ಯಾಚಿಗೆ ಅವರಿಗೂ ಕುರ್ಚಿ ಹಾಕಿ, ಚಾ ನೀವು ಮಾಡಿ.

ಇನ್ನು ಮಗ. ಏಳು ವರ್ಷ, ಅಂದರೆ ಸರಿಯಾದ ಹೊಸ್ತಿಲಲ್ಲಿ ಇದ್ದಾನೆ. ಹಿಡಿಸುವ ಪ್ರಯತ್ನ ಬೇಡ, ಜೊತೆಗೆ ಕೂರಿ ಸಾಕು. ಅವನು ಅರ್ಜೆಂಟೀನಾ ಅಂದರೆ ಅರ್ಜೆಂಟೀನಾ. ಕ್ಲಾಸಿನಲ್ಲಿ ಅವನ ಬೆಂಚ್ ಹುಡುಗ ಯಾವ ತಂಡವೋ ಅದರ ಮುಂದೆ ನಿಮ್ಮ ಮಾತು ನಡೆಯುವುದೂ ಇಲ್ಲ. ತಂಡಕ್ಕಿಂತ ಮೊದಲು ಆಟದ ರುಚಿ ಹತ್ತಲಿ. ಇದಕ್ಕೂ ಕಾರಣ ಉಂಟು. ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಸಂಶೋಧಕ ಮಾರ್ಕ್ ಲೆವಿನ್ ತಂಡ 2005ರಲ್ಲಿ ಒಂದು ಪ್ರಯೋಗ ಮಾಡಿತು. ಲಿವರ್‌ಪೂಲ್‌ನ ಹಳೆಯ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನ ಅಭಿಮಾನಿಗಳ ಎದುರಿಗೆ ಓಡುತ್ತಾ ಬಂದವನೊಬ್ಬ ಬಿದ್ದು ನರಳಿದ ಹಾಗೆ ನಟಿಸಬೇಕು. ಅವರ ಹತ್ತಿರ ಮೊದಲು ಬರೀ ಯುನೈಟೆಡ್ ಬಗ್ಗೆ ಮಾತಾಡಿಸಿದ್ದರೆ, ಯುನೈಟೆಡ್ ಅಂಗಿ ಹಾಕಿದವನಿಗೆ ಸಹಾಯ ಜಾಸ್ತಿ, ಲಿವರ್‌ಪೂಲ್ ಅಂಗಿಯವನಿಗೆ ಕಡಿಮೆ. ಫುಟ್‌ಬಾಲ್ ಪ್ರೀತಿಯ ಬಗ್ಗೆ ಮಾತಾಡಿಸಿದ್ದರೆ, ಲಿವರ್‌ಪೂಲ್ ಅಂಗಿಯವನನ್ನೂ ಎತ್ತಿದರು. ಎರಡಕ್ಕೂ ಇದ್ದದ್ದು ಅಂಥದೇ ಜನ, ಮುಂಚೆ ಆಡಿದ ಮಾತು ಮಾತ್ರ ಬೇರೆ. ಮಗನ ಹತ್ತಿರ ಯಾವ ಮಾತು ಆಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿ ಉಂಟು.

ನೀವು ದೂರ ಇರುತ್ತೀರಲ್ಲ, ಅದಕ್ಕೂ ಒಂದು ದಾರಿ. ಸೌದಿ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಂಗ್ಲೆಂಡಿನ ಶನಿವಾರ ಮಧ್ಯಾಹ್ನ 3 ಗಂಟೆಯ ಆಟ ಚಳಿಗಾಲದಲ್ಲಿ ನಮಗೆ ರಾತ್ರಿ ಎಂಟೂವರೆ, ನಿಮಗೆ ಸಂಜೆ 6. ಅಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಮಗನಿಗೆ ಮರುದಿನ ಶಾಲೆ ಇಲ್ಲ. ಹನ್ನೆರಡೂವರೆಯ ಆಟ ಆದರೆ ಇನ್ನೂ ಒಳ್ಳೆಯದು, ನಮಗೆ ಸಂಜೆ ಆರಕ್ಕೆ ಬರುತ್ತದೆ. ವಿಡಿಯೋ ಕಾಲ್ ಹಚ್ಚಿ ಒಟ್ಟಿಗೆ ನೋಡಿ. ಮೊಬೈಲಿನಲ್ಲಿ ನೋಡುವವನಿಗೆ ಗೋಲು ಕೆಲವು ಸೆಕೆಂಡ್ ತಡವಾಗಿ ಬರುತ್ತದೆ. ಹಾಗಾಗಿ ಇಬ್ಬರಲ್ಲಿ ಮೊದಲು ಕಂಡವನು ಬಾಯಿ ಬಿಡಬಾರದು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಚಾಂಪಿಯನ್ಸ್ ಲೀಗ್ ಮಾತ್ರ ಅವನಿಗೆ ಬೇಡ. ಅದರ ಹೆಚ್ಚಿನ ಆಟ ಶುರುವಾಗುವುದೇ ನಡುರಾತ್ರಿ ಕಳೆದ ಮೇಲೆ, ಅದು ಏಳು ವರ್ಷದವನಿಗಲ್ಲ. ವರ್ಷಕ್ಕೊಂದು ಫೈನಲ್ ಸಾಕು, ಅದೂ ಬೇಸಿಗೆ ರಜೆ ಇದ್ದರೆ.

ದಮ್ಮಾಮಿನಲ್ಲೇ ಅಲ್-ಇತ್ತಿಫಾಕ್ ಅಂತ ಒಂದು ಹಳೆಯ ಕ್ಲಬ್ ಉಂಟು, ಸೌದಿ ಲೀಗ್‌ನಲ್ಲಿ ಆಡುತ್ತದೆ. ಇಷ್ಟು ವರ್ಷ ಟಿವಿಯಲ್ಲೇ ಫುಟ್‌ಬಾಲ್ ನೋಡಿದ ನಿಮಗೆ ಇದ್ದ ಊರಲ್ಲೇ ಒಂದು ತಂಡ ಸಿಗುತ್ತದೆ. ಕ್ರಿಸ್ಟಿಯಾನೊ ರೊನಾಲ್ಡೋ 2022ರ ಕೊನೆಗೆ ರಿಯಾದ್‌ನ ಅಲ್-ನಸ್ರ್ ಸೇರಿದ ಮೇಲೆ ಆ ಲೀಗ್‌ಗೆ ಕಳೆಯೂ ಬಂದಿದೆ. 2018ರಿಂದ ಅಲ್ಲಿ ಹೆಂಗಸರಿಗೂ ಸ್ಟೇಡಿಯಂ ಪ್ರವೇಶ ಇದೆ. ಮನೆಯವರು ವಿಸಿಟ್ ವೀಸಾದಲ್ಲಿ ಬಂದರೆ ಮೂವರೂ ಹೋಗಬಹುದು. ಹೋಗುವ ಮೊದಲು ಫ್ಯಾಮಿಲಿ ಸೆಕ್ಷನ್ ಟಿಕೆಟ್ ಬಗ್ಗೆ ವಿಚಾರಿಸಿ. 2034ರ ವಿಶ್ವಕಪ್ ಸೌದಿಯಲ್ಲೇ ಅಂತ ಫಿಫಾ 2024ರ ಡಿಸೆಂಬರಿನಲ್ಲಿ ತೀರ್ಮಾನ ಮಾಡಿದೆ. ಆಗ ನಿಮ್ಮ ಮಗನಿಗೆ 15. ಅಷ್ಟು ವರ್ಷ ಅಲ್ಲೇ ಇರುತ್ತೀರೋ ಇಲ್ಲವೋ, ಈಗಿಂದಲೇ ತಿಂಗಳಿಗೆ ಸ್ವಲ್ಪ ತೆಗೆದಿಡಿ. ಫೈನಲ್ ಬಿಡಿ, ಗುಂಪು ಹಂತದ ಎರಡು ಟಿಕೆಟ್ ಆದರೂ ಸಿಕ್ಕೀತು. ಒಂದು ಅವನಿಗೆ. ಇನ್ನೊಂದನ್ನು ನೀವು ಇಟ್ಟುಕೊಳ್ಳುತ್ತೀರೋ ಮಾಮನಿಗೆ ಬಿಡುತ್ತೀರೋ, ಅದು ನಿಮ್ಮ ಮನೆಯ ವ್ಯವಹಾರ.